ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಹದಿನೈದು

ಅತ್ತೆ ಹೇಳಿಕೊಟ್ಟದ್ದು ಸರಿ. ಟೀಚರ್ ಹೇಳಿಕೊಟ್ಟದ್ದೂ ಸರಿ. ಮಗು ಬರೆದದ್ದು ಮಾತ್ರ ತಪ್ಪು. ಮುಂಬಯಿ ಕಡೆಯ ಡೊಂಬಿವಲಿ, ಥಾಣೆ, ಮುಲುಂಡಿನ ಕನ್ನಡ ಮನೆಗಳಲ್ಲಿ ಜೂನ್ ತಿಂಗಳ ನಡುವೆ ಶಾಲೆ ಶುರುವಾದ ಮೇಲೆ ಏಳುವ ಸಣ್ಣಪುಟ್ಟ ರಗಳೆಗಳ ಬೇರು ಹುಡುಕಿಕೊಂಡು ಹೋದರೆ ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತದೆ.

ಮೊಮ್ಮಗನನ್ನು ನೋಡಿಕೊಳ್ಳಲೆಂದು ಅತ್ತೆ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಥಾಣೆಯಲ್ಲಿ ಇಳಿಯುತ್ತಾರೆ. ಚೀಲದಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ; ತಲೆಯಲ್ಲಿ ತಮ್ಮ ಕಾಲದ ಗಣಿತ. ಮಗ ಸೊಸೆ ಬೆಳಗಿನ ಫಾಸ್ಟ್ ಲೋಕಲ್ ಹಿಡಿದರೆ ಮತ್ತೆ ಮನೆ ಕಾಣುವುದು ರಾತ್ರಿ ಎಂಟಕ್ಕೆ. ಹೋಮ್‌ವರ್ಕಿನ ಫೋಟೋ ಶಾಲೆಯ ವಾಟ್ಸಾಪ್ ಗ್ರೂಪಿಗೆ ಬೀಳುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಆರು ಗಂಟೆ ಅತ್ತೆಯ ರಾಜ್ಯಭಾರ.

ಕಳೆಯುವ ಲೆಕ್ಕವನ್ನೇ ನೋಡಿ. 52ರಲ್ಲಿ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ. ಈಗಿನ ಟೀಚರ್ ಪಕ್ಕದ ಐದರಿಂದ ಒಂದು ಹತ್ತನ್ನು ಬಿಡಿಸಿ ತರುತ್ತಾರೆ: ಐದು ಕಾಟು ಹೊಡೆದು ನಾಲ್ಕು, ಎರಡು ಹನ್ನೆರಡು. ಹನ್ನೆರಡರಲ್ಲಿ ಏಳು ಹೋಗಿ ಐದು, ನಾಲ್ಕರಲ್ಲಿ ಎರಡು ಹೋಗಿ ಎರಡು. ಉತ್ತರ 25. ಅತ್ತೆ ಐದನ್ನು ಮುಟ್ಟುವುದೇ ಇಲ್ಲ. 'ಮೇಲೆ ಹತ್ತು ಕೊಟ್ಟೆಯಲ್ಲ ಮಗಾ, ಕೆಳಗೆ ಒಂದು ಕೊಡು' ಎಂದು ಕೆಳಗಿನ ಎರಡನ್ನು ಮೂರು ಮಾಡುತ್ತಾರೆ. ಐದರಲ್ಲಿ ಮೂರು ಹೋಗಿ ಎರಡು. ಅಲ್ಲೂ 25. ಎರಡು ಸಂಖ್ಯೆಗಳಿಗೂ ಹತ್ತು ಹತ್ತು ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲವಲ್ಲ, ಅದೇ ತತ್ವ. ಕಾಟಿಲ್ಲ, ಗೀಟಿಲ್ಲ, ಪುಟ ಚೊಕ್ಕ.

ಮಗುವಿಗೆ ಇಬ್ಬರ ಮೇಲೂ ಗೌರವ. ಟೀಚರ್ ಹೇಳಿದಂತೆ ಮೇಲಿನ ಐದನ್ನು ನಾಲ್ಕು ಮಾಡುತ್ತದೆ, ಅಜ್ಜಿ ಹೇಳಿದಂತೆ ಕೆಳಗಿನ ಎರಡನ್ನು ಮೂರು ಮಾಡುತ್ತದೆ. ನಾಲ್ಕರಲ್ಲಿ ಮೂರು ಹೋಗಿ ಒಂದು. ಉತ್ತರ 15. ತಂದ ಸಾಲ ಒಂದು, ತೀರಿಸಿದ್ದು ಎರಡು ಸಲ. ಫ್ಲ್ಯಾಟಿನ ಕಂತು ಕಟ್ಟುವ ಯಾರಿಗೇ ಆದರೂ ಇದರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಸರಿಯಾಗಿ ಹತ್ತು ಕಡಿಮೆ ಬಂದಿದ್ದರೆ ಮಗುವಿಗೆ ಕಳೆಯಲು ಬರುವುದಿಲ್ಲ ಎಂದುಕೊಳ್ಳಬೇಡಿ. ಅದಕ್ಕೆ ಎರಡೆರಡು ರೀತಿಯಲ್ಲಿ ಬರುತ್ತದೆ, ತೊಂದರೆ ಅದೇ.

ಗಡಿಯಾರದ್ದು ಇನ್ನೂ ನಾಜೂಕಿನ ವಿಷಯ. ಐದೂಕಾಲಿಗೆ ಮರಾಠಿಯಲ್ಲಿ ಸವ್ವಾ ಪಾಚ್, ಐದೂವರೆಗೆ ಸಾಡೇ ಪಾಚ್. ಇಲ್ಲಿಯವರೆಗೆ ಎರಡು ಭಾಷೆಗಳೂ ಐದನ್ನೇ ಹಿಡಿದುಕೊಂಡು ಜೊತೆಯಾಗಿ ನಡೆಯುತ್ತವೆ. ಐದೂಮುಕ್ಕಾಲಿಗೆ ದಾರಿ ಬೇರೆ. ನಾವು ಐದರ ಮೇಲೆ ಮುಕ್ಕಾಲು ಹೇರುತ್ತೇವೆ. ಮರಾಠಿಯವರು ಆರಕ್ಕೆ ಕಾಲು ಕಡಿಮೆ ಎಂದು ಪಾವಣೇ ಸಹಾ ಅನ್ನುತ್ತಾರೆ. ಆದರೆ ಪಾವುಣ್ ಅಂದರೆ ಮುಕ್ಕಾಲು ಎಂದು ಅತ್ತೆ ಬಂದ ಮೊದಲ ವಾರವೇ ತರಕಾರಿಯವನಿಂದ ಕಲಿತಿರುತ್ತಾರೆ. ಹಾಗಾಗಿ ಐದೂಮುಕ್ಕಾಲು ಅವರ ಬಾಯಲ್ಲಿ ಪಾವಣೇ ಪಾಚ್ ಆಗುತ್ತದೆ. ಅದು ನಾಲ್ಕೂಮುಕ್ಕಾಲು. ಒಂದು ಗಂಟೆ ಪೂರ್ತಿ ಹೋಯಿತು. ಮಗುವಿನ ಪುಸ್ತಕದಲ್ಲಿ ಕೆಂಪು ಗೀಟು ಬಿದ್ದರೆ ಬೀಳಲಿ, ಟ್ಯೂಷನ್ನಿನವರಿಗೂ ಅತ್ತೆ ಅದೇ ಸಮಯ ಹೇಳಿದರೆ ಅವರು ಒಂದು ಗಂಟೆ ಮೊದಲೇ ಬಂದು ಬೆಲ್ ಮಾಡುತ್ತಾರೆ. ನೆನಪಿಡಲು ಸುಲಭದ ದಾರಿಯೊಂದಿದೆ: ಪಾವಣೇ ಅಂದರೆ ಮುಂದಿನ ಗಂಟೆಯ ಹೆಸರು ಹೇಳಬೇಕು. ಬರೀ ಪಾವುಣ್ ಅಂದರೆ ಹನ್ನೆರಡೂಮುಕ್ಕಾಲು. ದೀಡ್ ಒಂದೂವರೆ, ಅಡೀಚ್ ಎರಡೂವರೆ. ಇವಿಷ್ಟನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರೆ ಅತ್ತೆಗೂ ಆಯಿತು, ನಿಜ ಹೇಳಬೇಕೆಂದರೆ ಸೊಸೆಗೂ ಆಯಿತು.

ಸಂಖ್ಯೆಗಳ ವಿಷಯದಲ್ಲಿ ಅತ್ತೆಯ ಪಕ್ಷಕ್ಕೆ ಒಮ್ಮೆ ಸರಕಾರವೇ ಬಂದಿತ್ತು. ಮರಾಠಿಯ ಏಕವೀಸ್‌ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯುವ ಮಗು 12 ಬರೆಯುತ್ತದೆ. 2019ರಲ್ಲಿ ಮಹಾರಾಷ್ಟ್ರದ ಸರಕಾರಿ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ವೀಸ್ ಏಕ್, ಸತ್ತರ್ ದೋನ್ ಎಂಬ ಓದು ಬಂತು. ನಮ್ಮ ಇಪ್ಪತ್ತೊಂದು, ಎಪ್ಪತ್ತೆರಡರ ಪಡಿಯಚ್ಚು. ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದು ಮಾತು ವಿಧಾನಸಭೆಯವರೆಗೂ ಹೋಯಿತು. ಕನ್ನಡದ ಅತ್ತೆಯಂದಿರಿಗೆ ಇದರಲ್ಲಿ ಗದ್ದಲವೆಬ್ಬಿಸಲು ಏನಿದೆ ಎಂಬುದೇ ತಿಳಿಯಲಿಲ್ಲ.

ಆದರೂ ಮನೆಯಲ್ಲಿ, ಬೀದಿಯಲ್ಲಿ, ಪಾಢೆ ಅಂದರೆ ಮಗ್ಗಿ ಹೇಳುವಾಗ ಹಳೆಯದೇ ನಡೆಯುತ್ತದೆ. ಅಲ್ಲಿ ಕಾದು ಕುಳಿತಿರುವುದು ಏಕೋಣ್‌ಸಾಠ್. ಸಾಠ್ ಅಂದರೆ ಅರವತ್ತು, ಏಕ್ ಅಂದರೆ ಒಂದು, ಹಾಗಾದರೆ ಅರವತ್ತೊಂದು ಎಂದು ಅತ್ತೆ ತರ್ಕಬದ್ಧವಾಗಿ ತಪ್ಪು ಹೇಳಿಕೊಡುತ್ತಾರೆ. ಅದು ಐವತ್ತೊಂಬತ್ತು. ಇಲ್ಲಿ ಜಗಳಕ್ಕೆ ನಿಲ್ಲಬಾರದು; 'ಏಕ, ಊನ' ಎಂದು ಬಿಡಿಸಿ ಹೇಳಿದರೆ ಸಾಕು. ಊನ ಅಂದರೆ ಕೊರತೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಏಕೋಣೀಸ್‌ನಿಂದ ಏಕೋಣ್‌ನವ್ವದ್‌ವರೆಗೆ ಎಂಟೂ ಒಂದೇ ಏಟಿಗೆ ಬಿಡಿಸಿಕೊಳ್ಳುತ್ತವೆ. ತೊಂಬತ್ತೊಂಬತ್ತು ಮಾತ್ರ ನವ್ವ್ಯಾಣ್ಣವ್. ಅದು ಯಾರ ಮಾತೂ ಕೇಳುವುದಿಲ್ಲ.

2020ರ ಕಾಯ್ದೆಯಿಂದ ಮಹಾರಾಷ್ಟ್ರದಲ್ಲಿ ಬೋರ್ಡ್ ಯಾವುದೇ ಇರಲಿ, ಶಾಲೆಯಲ್ಲಿ ಮರಾಠಿ ಕಡ್ಡಾಯ. ಅತ್ತೆ ಹೆದರುವುದಿಲ್ಲ. ಅವರು ಕನ್ಯೆಯಾಗಿದ್ದಾಗ ಹಿಂದಿ ಪ್ರಚಾರ ಸಭೆಯ ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆ ಪಾಸು ಮಾಡಿದವರು. ದೇವನಾಗರಿ ಸರಾಗ. ಪಾಠದಲ್ಲಿ 'ಶಿಕ್ಷಾ' ಬಂದ ತಕ್ಷಣ ಹಿಂದಿ ನೆನಪಾಗಿ 'ವಿದ್ಯಾಭ್ಯಾಸ' ಎಂದು ಅರ್ಥ ಬರೆಸುತ್ತಾರೆ. ಮರಾಠಿಯಲ್ಲಿ ಶಿಕ್ಷಾ ಅಂದರೆ ಶಿಕ್ಷೆಯೇ. ಗುರುಜಿ ತಂಟೆ ಮಾಡಿದ ಹುಡುಗನಿಗೆ ವಿದ್ಯಾಭ್ಯಾಸ ಕೊಟ್ಟರು ಎಂದಾಗುತ್ತದೆ. ಅರ್ಥ ಪೂರ್ತಿ ತಪ್ಪೆಂದು ಹೇಳಲು ನಾಲಿಗೆ ಬರುವುದಿಲ್ಲ, ಆ ಮಾತು ಬೇರೆ. ಚೇಷ್ಟಾ ಕೂಡ ಹೀಗೆಯೇ: ಹಿಂದಿಯಲ್ಲಿ ಪ್ರಯತ್ನ, ಮರಾಠಿಯಲ್ಲಿ ಗೇಲಿ. ಕಲಿತ ಹಿಂದಿಯನ್ನು ಪಕ್ಕಕ್ಕಿಟ್ಟು ಹುಟ್ಟು ಕನ್ನಡವನ್ನೇ ನಂಬಿದ್ದರೆ ಎರಡರಲ್ಲೂ ಗುರಿಯ ಹತ್ತಿರ ಬೀಳುತ್ತಿದ್ದರು.

ಕನ್ನಡವನ್ನು ನಂಬಬಾರದ ಜಾಗ ಲಿಂಗ. ನಮ್ಮಲ್ಲಿ ಮನುಷ್ಯರಲ್ಲದ್ದೆಲ್ಲ ಹೆಚ್ಚುಕಡಿಮೆ 'ಅದು'. ಮರಾಠಿಯಲ್ಲಿ ಒಲೆಯ ಮುಂದೆಯೇ ಮೂರು ಲಿಂಗ: ತೋ ಚಹಾ, ತೀ ಕಾಫಿ, ತೇ ದೂಧ್. ಆ ಕಾರಕ್ಕೆ ಮುಗಿದರೆ ಗಂಡು, ಈ ಕಾರಕ್ಕೆ ಮುಗಿದರೆ ಹೆಣ್ಣು ಎಂಬ ಸೂತ್ರವೊಂದನ್ನು ಅತ್ತೆಯೇ ಎರಡು ದಿನದಲ್ಲಿ ಕಂಡುಹಿಡಿಯುತ್ತಾರೆ. ದರವಾಜಾ, ಖಿಡಕೀ, ಖುರ್ಚೀ ಸರಿಹೋಗುತ್ತವೆ. ಮೂರನೇ ದಿನ ಶಾಳಾ ಹೆಣ್ಣಾಗಿ, ಪಾಣೀ ನಪುಂಸಕವಾಗಿ ಸೂತ್ರದ ಕಥೆ ಮುಗಿಯುತ್ತದೆ. ಹೊಸ ಪದ ಬರೆಸುವಾಗ ತೋ, ತೀ, ತೇ ಸೇರಿಸಿಯೇ ಬರೆಸುವುದು, ಬೇರೆ ಉಪಾಯವಿಲ್ಲ.

ಇನ್ನು ಪ್ರಾಜೆಕ್ಟು. ಹತ್ತು ಪಚ್ಚೆಹೆಸರು ಕಾಳನ್ನು ಒದ್ದೆ ಹತ್ತಿಯ ಮೇಲಿಟ್ಟು ಏಳು ದಿನ ಚಿತ್ರ ಬರೆಯಬೇಕು. ಮೊಳಕೆ ಬರಿಸುವುದನ್ನು ಅತ್ತೆಗೆ ಕಲಿಸಲು ಹೋಗುವುದು ಮೀನಿಗೆ ಈಜು ಹೇಳಿಕೊಟ್ಟಂತೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ಮಾರನೇ ಬೆಳಿಗ್ಗೆಗೆ ಅರ್ಧ ಇಂಚಿನ ಬಾಲ. ಪುಸ್ತಕದಲ್ಲಿ ಇನ್ನೂ 'ಮೊದಲ ದಿನ: ಕಾಳು ಉಬ್ಬಿದೆ' ಎಂದಿರುತ್ತದೆ. ನಾಲ್ಕನೇ ದಿನದ ಚಿತ್ರ ಬರೆಯುವ ಹೊತ್ತಿಗೆ ಪ್ರಾಜೆಕ್ಟು ಗಸಿಯಾಗಿ ತಟ್ಟೆಯಲ್ಲಿರುತ್ತದೆ.

ಎರಡನೇ ಸಲ ಹತ್ತಿಯ ಮೇಲೇ ಇಡುತ್ತಾರೆ, ಆದರೆ ಪ್ರೀತಿ ಹೆಚ್ಚಾಗಿ ನೀರೂ ಹೆಚ್ಚು. ಹತ್ತಿ ನೀರಲ್ಲಿ ತೇಲಿದರೆ ಕಾಳಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಬೂಸು ಬೇರೆ. ಹತ್ತಿಯನ್ನು ಅದ್ದಿ ಹಿಂಡಿ ಇಟ್ಟು, ದಿನಕ್ಕೆ ಎರಡು ಮೂರು ಚಮಚ ನೀರು ಚಿಮುಕಿಸಿದರೆ ಸಾಕು. ಮೂರನೇ ಸಲ ಅದೂ ಸರಿ. ಈಗ ಕಿಟಕಿಯ ಗ್ರಿಲ್ಲಿನಲ್ಲಿ ಪಾರಿವಾಳದ ಕಾಟವೆಂದು ಬಟ್ಟಲನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕುತ್ತಾರೆ. ಬೆಳಕಿಲ್ಲದೆ ಸಸಿ ಹಳದಿಯಾಗಿ, ಬಡಕಲಾಗಿ, ಉದ್ದಕ್ಕೆ ಬೆಳೆದು ಬಗ್ಗುತ್ತದೆ. ಇದನ್ನು ಎಸೆಯಬೇಡಿ. ಇನ್ನೊಂದು ಬಟ್ಟಲನ್ನು ಕಿಟಕಿಯ ಒಳಬದಿಗಿಟ್ಟು ಎರಡರ ಚಿತ್ರವನ್ನೂ ಬರೆಸಿ. ಕತ್ತಲೆ ಬೆಳಕಿನ ಪ್ರಯೋಗವಾಯಿತು, ಮೇಲಿನ ತರಗತಿಯದ್ದು.

ಚಾರ್ಟ್ ಪೇಪರಿಗೆ ಅತ್ತೆ ಅಂಗಡಿಯ ಅಂಟು ತರಿಸುವುದಿಲ್ಲ. ಒಂದು ಚಮಚ ಮೈದಾಕ್ಕೆ ಏಳೆಂಟು ಚಮಚ ನೀರು, ಸಣ್ಣ ಉರಿಯಲ್ಲಿ ಕದಡುತ್ತಾ ಗಂಜಿಯ ಹದ. ಅಂಟುತ್ತದೆ, ಚೆನ್ನಾಗಿಯೇ ಅಂಟುತ್ತದೆ. ರಾತ್ರಿ ಜಿರಳೆಗೂ ಅದು ಚೆನ್ನಾಗಿಯೇ ರುಚಿಸುತ್ತದೆ. ಹಿಂದೆ ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅನ್ನದ ಅಗುಳಾದರೆ ಬೆಳ್ತಿಗೆಯದ್ದೇ ಆಗಬೇಕು, ಕುಚ್ಚಲಕ್ಕಿಯ ಅಗುಳು ಬಿಡಿಬಿಡಿಯಾಗಿ ಉದುರುತ್ತದೆ. ಪುಸ್ತಕಕ್ಕೆ ಬೈಂಡು ಹಾಕಲು ಹಳೆಯ ಕ್ಯಾಲೆಂಡರ್ ಹುಡುಕುವವರು ಒಂದು ನೆನಪಿಡಬೇಕು: ದೇವರ ಪಟದ ಕ್ಯಾಲೆಂಡರಿನ ಬೆನ್ನು ಬಿಳಿ, ಮರಾಠಿಯ ಕಾಲನಿರ್ಣಯ ಕ್ಯಾಲೆಂಡರಿನ ಬೆನ್ನ ತುಂಬ ಲೇಖನ, ಅಡುಗೆ. ಇತಿಹಾಸದ ಪುಸ್ತಕ ಸಾಬುದಾನಿಯ ತಿಂಡಿಯ ಹೊದಿಕೆ ಹೊದ್ದು ಶಾಲೆಗೆ ಹೋಗುತ್ತದೆ.

ಸೊಸೆ ರಾತ್ರಿ ಚಪ್ಪಲಿ ಬಿಚ್ಚುವ ಮೊದಲೇ ಪುಸ್ತಕ ತೆಗೆದು ಅಜ್ಜಿ ಬರೆಸಿದ್ದನ್ನೆಲ್ಲ ಅಳಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಎಂಟು ಗಂಟೆಗೆ ಮೂರನೆಯ ವಿಧಾನವೊಂದು ಹುಟ್ಟುತ್ತದೆ, ಅಷ್ಟೆ. ವಿಧಾನ ಟೀಚರದ್ದು, ತಾಳೆ ಅಜ್ಜಿಯದು ಎಂದು ಪಾಲು ಮಾಡಿಕೊಟ್ಟರೆ ಅತ್ತೆಯೂ ಒಪ್ಪುತ್ತಾರೆ. ತಾಳೆ ನೋಡುವುದರಲ್ಲಿ ಹಳೆಯ ಶಾಲೆಯವರನ್ನು ಮೀರಿಸುವವರಿಲ್ಲ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡಿಸು, ಮೇಲಿನದು ಬಂತಾ? ಹದಿನೈದಕ್ಕೆ ಇಪ್ಪತ್ತೇಳು ಕೂಡಿಸಿದರೆ ನಲವತ್ತೆರಡು. ಬೇಕಾದದ್ದು ಐವತ್ತೆರಡು.

'ಹತ್ತು ಎಲ್ಲಿ ಬಿಟ್ಟು ಬಂದೆ ಮಗಾ?' ಎಂದು ಅಜ್ಜಿ ಕೇಳುತ್ತಾರೆ. ಮಗು ರಬ್ಬರ್ ಹುಡುಕಲು ಮೇಜಿನಡಿಗೆ ಹೋಗುತ್ತದೆ.