"ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುವವರಿಗೆ

ಇಂದಿನ ಸಭೆಯಲ್ಲಿ ಯಾರದೋ ಕೈತಪ್ಪಿ ಕುರ್ಚಿಯೊಂದು ಬಿದ್ದ ಸದ್ದಿಗೆ, ಮುಂದಿನ ಸಾಲಿನಲ್ಲಿದ್ದ ನಿವೃತ್ತ ಯೋಧರೊಬ್ಬರು ತಟ್ಟನೆ ನೆಲಕ್ಕೆ ಬಾಗಿದರು. ಎದ್ದಾಗ ಅವರ ಕೈಗಳು ನಡುಗುತ್ತಿದ್ದವು. ಪಕ್ಕದವರು ಬೆನ್ನು ತಟ್ಟಿ, "ಮನಸ್ಸು ಗಟ್ಟಿ ಮಾಡಿಕೊಳ್ಳಿ ಸರ್, ಯುದ್ಧ ಮುಗಿದು ಎಷ್ಟೋ ವರ್ಷಗಳಾದವು" ಎಂದರು. ಆ ಮಾತು ಕೇಳಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ನನ್ನ ತಂದೆ ಯುದ್ಧಭೂಮಿಯಿಂದ ಹೇಗೆ ಮರಳಿದರೆಂಬುದನ್ನು ಬಲ್ಲ ಸ್ನೇಹಿತರಿಗೆ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಗಟ್ಟಿ ಮಾಡಿಕೊಳ್ಳಬೇಕಾದದ್ದು ಯಾವುದನ್ನು? ಸದ್ದು ಏನೆಂದು ಮನಸ್ಸು ವಿಚಾರಿಸುವ ಮೊದಲೇ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಅಪಾಯವೆಂದು ಸಾರುತ್ತದೆ, ದೇಹವನ್ನು ಎಚ್ಚರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ಯುದ್ಧಭೂಮಿಯಲ್ಲ, ಸಭಾಂಗಣ ಎಂದು ಗುರುತಿಸಲು ನೆರವಾಗಬೇಕಾದ, ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮತ್ತು ಆ ಭಯಕ್ಕೆ ಕಡಿವಾಣ ಹಾಕಬೇಕಾದ ಹಣೆಯ ಹಿಂದಿನ ಮಿದುಳಿನ ಭಾಗ, ತೀವ್ರ ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಎಂಬ ಈ ಕಾಯಿಲೆಯಲ್ಲಿ ತಮ್ಮ ಕೆಲಸವನ್ನು ಪೂರ್ಣವಾಗಿ ಮಾಡಲಾರವು. ಗುಂಡುಗಳ ನಡುವೆ ಜೀವ ಉಳಿಸಿದ್ದ ಎಚ್ಚರವೇ ಈಗ ನಿದ್ದೆಯನ್ನು ಕಸಿಯುತ್ತಿದೆ.

"ಅದೇ ತುಕಡಿಯ ಉಳಿದವರು ಚೆನ್ನಾಗಿದ್ದಾರಲ್ಲ?" ಎಂದು ಕೇಳುವವರಿದ್ದಾರೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಸೈನಿಕರನ್ನೂ ಯುದ್ಧ ಕಾಣದ ಅವರ ತದ್ರೂಪಿ ಅವಳಿ ಸಹೋದರರನ್ನೂ ಹೋಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರವಾಗಿ ಬಾಧಿತರಾದವರ ಹಿಪೊಕ್ಯಾಂಪಸ್ ಮಾತ್ರವಲ್ಲ, ಮನೆಯಲ್ಲೇ ಉಳಿದ ಅವರ ಅವಳಿಗಳದ್ದೂ ಚಿಕ್ಕದಾಗಿತ್ತೆಂದು ತೋರಿಸಿತು. ಅಂದರೆ ಆಘಾತಕ್ಕೆ ಸುಲಭವಾಗಿ ಈಡಾಗುವ ಗುಣದ ಒಂದು ಪಾಲು ಯುದ್ಧಕ್ಕೆ ಮೊದಲೇ ಇರಬಹುದು. ತನ್ನ ಹಿಪೊಕ್ಯಾಂಪಸ್ಸಿನ ಗಾತ್ರವನ್ನು ಯಾವ ಸೈನಿಕನೂ ಆರಿಸಿಕೊಂಡಿರುವುದಿಲ್ಲ. ಅದನ್ನು ಧೈರ್ಯದ ಅಳತೆಗೋಲು ಮಾಡುವುದು ಅನ್ಯಾಯ.

ಈ ಅನ್ಯಾಯ ಹಳೆಯದು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' (ಫಿರಂಗಿಯ ಶೆಲ್ ಸ್ಫೋಟದ ಆಘಾತ) ಎಂಬ ಹೆಸರಿನಲ್ಲಿ ಇದನ್ನು ವರದಿ ಮಾಡಿದರು. ಶೆಲ್ ಸ್ಫೋಟದ ಸಮೀಪಕ್ಕೂ ಹೋಗದವರಲ್ಲಿ ಅದೇ ಲಕ್ಷಣಗಳು ಕಂಡಾಗ ಹಲವರು ಅದನ್ನು ಹೇಡಿತನವೆಂದೇ ತೀರ್ಮಾನಿಸಿದರು. ಆ ಯುದ್ಧದಲ್ಲಿ ಪಲಾಯನ, ಹೇಡಿತನದಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದವರಲ್ಲಿ 306 ಮಂದಿಗೆ ಕ್ಷಮಾದಾನ ದೊರೆತದ್ದು 2006ರಲ್ಲಿ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದೂ 1980ರಲ್ಲಷ್ಟೇ.

ಇನ್ನೊಂದನ್ನು ಹೇಳದೆ ಇರಲಾರೆ. ನನ್ನ ತಂದೆಗೂ ನಾನು ಒಮ್ಮೆ ಇದೇ ಮಾತನ್ನು ಹೇಳಿದ್ದೆ. ಅವರನ್ನು ಕಾಡುತ್ತಿದ್ದದ್ದು ಭಯಕ್ಕಿಂತ ಹೆಚ್ಚಾಗಿ, ಗಾಯಗೊಂಡ ಗೆಳೆಯನನ್ನು ಬಿಟ್ಟುಬಂದೆನೆಂಬ ಅಪರಾಧಭಾವ. ಸುರಕ್ಷಿತ ವಾತಾವರಣದಲ್ಲಿ ಆ ನೆನಪನ್ನು ಚಿಕಿತ್ಸಕರೆದುರು ಮತ್ತೆ ಮತ್ತೆ ಹೇಳಿಸಿ, ಹಳೆಯ ಭಯದ ಪಕ್ಕದಲ್ಲಿ ಹೊಸ ಕಲಿಕೆಯೊಂದನ್ನು ಬೆಳೆಸುವ ಚಿಕಿತ್ಸೆಯಿದೆ. ಅದಕ್ಕೆ ಮೊದಲು ಬಾಯಿಬಿಡುವ ಧೈರ್ಯ ಬರಬೇಕು. ನನ್ನ ಮಾತಿನ ನಂತರ ಅವರು ಆ ಗೆಳೆಯನ ಹೆಸರನ್ನು ಮನೆಯಲ್ಲಿ ಎತ್ತಲೇ ಇಲ್ಲ.

ಇಂದು ಆ ಯೋಧರ ಬಳಿ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗವೊಂದು ಹಿಂದೆ ಖಾಲಿಯಿದೆ, ಬರುತ್ತೀರಾ ಎಂದಷ್ಟೇ ಕೇಳಿದೆ. ಅವರು ಎದ್ದು ಬಂದರು.