ಮೂರು ವಿಷಲ್ ಆದಮೇಲೆ

ಮೊನ್ನೆ ಒಂದು ಭಾನುವಾರ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೊರಟ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಬೇಳೆ ಕುಕ್ಕರಿಗೆ ಇಟ್ಟಿದ್ದೀನಿ. ಮೂರು ವಿಷಲ್ ಆದಮೇಲೆ ಆರಿಸಿ. ಅಷ್ಟರೊಳಗೆ ಅಂಗಳ ಒಂಚೂರು ಗುಡಿಸಿ" ಅಂದಳು. ಪೊರಕೆಯನ್ನು ಕೈಗೇ ಕೊಟ್ಟು ಹೋದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಾನು ಪೊರಕೆಯನ್ನು ಕಂಪ್ಯೂಟರ್ ಟೇಬಲ್ಲಿಗೆ ಒರಗಿಸಿ ಕೂತೆ. ಪರದೆಯ ಮೇಲೆ ಇನ್ನೊಬ್ಬ ಪೊರಕೆ ಹಿಡಿದು ನಿಂತಿದ್ದ. ಇಬ್ಬರಲ್ಲಿ ಒಬ್ಬನಾದರೂ ಗುಡಿಸುತ್ತಿದ್ದ ಅನ್ನೋದೇ ಸಮಾಧಾನ.

ಅವನ ಹೆಸರು ರೋಜರ್ ವಿಲ್ಕೊ. ಅಂತರಿಕ್ಷದಲ್ಲಿ ಕಸ ಗುಡಿಸೋದು ಅವನ ಕೆಲಸ. 1986ರಲ್ಲಿ ಅಮೆರಿಕದ ಸಿಯೆರಾ ಕಂಪನಿಯಿಂದ ಸ್ಪೇಸ್ ಕ್ವೆಸ್ಟ್ ಅನ್ನೋ ಆಟ ಬಂತಲ್ಲ, ಅದರ ನಾಯಕ ಇವನೇ. ಅದನ್ನು ಮಾಡಿದ ಮಾರ್ಕ್ ಕ್ರೋವ್ ಮತ್ತು ಸ್ಕಾಟ್ ಮರ್ಫಿ ತಮ್ಮನ್ನು 'ಆಂಡ್ರೊಮಿಡಾದಿಂದ ಬಂದ ಇಬ್ಬರು' ಅಂತ ಕರೆದುಕೊಳ್ಳುತ್ತಿದ್ದರು. ಮೊದಲ ಆಟದಲ್ಲಿ ಶತ್ರುಗಳು ಹಡಗಿಗೆ ನುಗ್ಗಿ ಸಿಬ್ಬಂದಿಯನ್ನೆಲ್ಲ ಕೊಲ್ಲುತ್ತಾರೆ. ರೋಜರ್ ಉಳಿದುಕೊಳ್ಳುತ್ತಾನೆ. ಯಾಕೆ ಗೊತ್ತಾ? ಪೊರಕೆ ಇಡೋ ಗೂಡಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಡ್ಯೂಟಿ ಟೈಮಿನಲ್ಲಿ ಮಲಗಿದವನೇ ಕೊನೆಗೆ ಲೋಕ ಉಳಿಸುತ್ತಾನೆ. ಮಧ್ಯಾಹ್ನ ಊಟ ಆದಮೇಲೆ ಆಫೀಸಿನಲ್ಲಿ ಕಣ್ಣು ಎಳೆಯುವಾಗೆಲ್ಲ ನನಗೆ ಇವನೇ ನೆನಪಾಗೋದು.

ಎರಡನೇ ಭಾಗ ಬಂದದ್ದು 1987ರಲ್ಲಿ. ಅದರ ಖಳನಾಯಕ ಸ್ಲಡ್ಜ್ ವೊಹಾಲ್ ಸೇಡು ತೀರಿಸಿಕೊಳ್ಳಲು ಒಂದು ಸೈನ್ಯ ಕಟ್ಟುತ್ತಾನೆ. ಬಂದೂಕಿನವರದ್ದಲ್ಲ. ತದ್ರೂಪಿ ವಿಮೆ ಏಜೆಂಟರದ್ದು! ಲಕ್ಷ ಲಕ್ಷ ಏಜೆಂಟರು ಗ್ರಹದ ಮೇಲೆ ಇಳಿದು ಮನೆಮನೆಯ ಬಾಗಿಲು ತಟ್ಟುತ್ತಾರಂತೆ. ಚಿಕ್ಕವನಿದ್ದಾಗ, ಇದರಲ್ಲಿ ಹೆದರೋದಕ್ಕೇನಿದೆ ಅನ್ನಿಸಿತ್ತು. ಆಗಿನ್ನೂ ನಮ್ಮಕ್ಕನ ಮದುವೆ ಆಗಿರಲಿಲ್ಲ.

ನಾನು ಇದನ್ನು ಮೊದಲು ಆಡಿದ್ದು 1993ರ ಬೇಸಿಗೆ ರಜೆಯಲ್ಲಿ, ಹಾಸನದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗಬೇಕಿತ್ತು. ಮೇಷ್ಟ್ರು ಡಾಸ್ ಕಲಿಸುತ್ತಿದ್ದರು. ಅವರು ಟೀ ಕುಡಿಯಲು ಹೋದಾಗ ಬೆಂಗಳೂರಿನಿಂದ ಬಂದ ಒಂದು ಫ್ಲಾಪಿ ಹೊರಗೆ ಬರುತ್ತಿತ್ತು. ಯಂತ್ರ ಒಂದು, ಹುಡುಗರು ನಾಲ್ಕು. ಕಪ್ಪು ಬಿಳುಪು ಪರದೆ. ಆಟದಲ್ಲಿ ಹದಿನಾರು ಬಣ್ಣ ಇದೆಯಂತೆ ಅಂತ ಕೇಳಿದ್ದೆವು. ನಮ್ಮ ಪಾಲಿಗೆ ಕಾಡೂ ಒಂದೇ, ಆಕಾಶವೂ ಒಂದೇ.

ಆಗ ಮೌಸ್ ಒತ್ತಿದರೆ ಕೆಲಸ ಆಗುತ್ತಿರಲಿಲ್ಲ. ಏನು ಮಾಡಬೇಕೋ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. ನಾವು ನಾಲ್ವರೂ ಕನ್ನಡ ಮೀಡಿಯಂ. ರೋಜರ್ ಲೇಬಿಯಾನ್ ಅನ್ನೋ ಗ್ರಹದ ಕಾಡಿಗೆ ಬಂದು ಬಿದ್ದ. ಅಲ್ಲೊಂದು ಜೌಗು. ಕಾಲಿಟ್ಟರೆ ಒಂದು ಪ್ರಾಣಿ ಬಂದು ನುಂಗುತ್ತದೆ. ಹತ್ತು ಸಲ ಇಟ್ಟೆವು, ಹತ್ತು ಸಲವೂ ನುಂಗಿತು. ಸತ್ತಾಗೆಲ್ಲ ಆಟ ಎರಡು ಸಾಲು ಬರೆದು ಗೇಲಿ ಮಾಡುತ್ತಿತ್ತು. ಆ ಗೇಲಿ ಏನು ಅಂತ ತಿಳಿಯೋಕೆ ಮನೆಗೆ ಹೋಗಿ ಡಿಕ್ಷನರಿ ತೆಗೆಯಬೇಕಿತ್ತು. ಬೈಸಿಕೊಂಡದ್ದು ಇವತ್ತು, ಬೇಜಾರಾಗೋದು ನಾಳೆ.

ಪಕ್ಕದ ಪೊದೆಯಲ್ಲಿ ಹಣ್ಣುಗಳಿದ್ದವು. ಅದನ್ನು ಮೈಗೆ ಉಜ್ಜಿಕೊಂಡು ಇಳಿದರೆ ಪ್ರಾಣಿ ನುಂಗಲ್ಲ. ಬೆಂಗಳೂರಿನ ಅಣ್ಣ 'ರಬ್ ಬೆರೀಸ್' ಅಂತ ಚೀಟಿ ಬರೆದು ಕಳಿಸಿದ್ದ. ರಬ್ ಅಂದರೆ ನಮಗೆ ಗೊತ್ತಿದ್ದದ್ದು ರಬ್ಬರು. "ಹಣ್ಣನ್ನ ಅಳಿಸಬೇಕು ಕಣೋ" ಅಂದ ಒಬ್ಬ. ಪರದೆಯ ಮೇಲಿರೋದನ್ನ ಅಳಿಸೋದು ಹೇಗೆ ಅಂತ ಎರಡು ದಿನ ಒದ್ದಾಡಿದೆವು. ಅದರ ಮೇಲೆ ಬೆರಿ ಅನ್ನೋದಕ್ಕೆ ಒಂದು ಆರ್ ಹಾಕಬೇಕೋ ಎರಡೋ ಅನ್ನೋ ಜಗಳ ಬೇರೆ.

ಹೇಗೋ ದಾಟಿದೆವು. ರಜೆ ಮುಗಿಯುವ ಹೊತ್ತಿಗೆ ವೊಹಾಲನ ಅಡಗುತಾಣದವರೆಗೂ ಹೋದೆವು. ಅಲ್ಲಿ ಒಂದು ವಿಕಾರ ಪ್ರಾಣಿ ಎದುರು ಬಂತು. ರೋಜರನನ್ನು ಹಿಡಿದು ಮುತ್ತು ಕೊಟ್ಟು ಹೊರಟುಹೋಯಿತು. ಅಷ್ಟೇ. ಸಾಯಲಿಲ್ಲ. ನಾಲ್ವರೂ ಬಿದ್ದು ಬಿದ್ದು ನಕ್ಕೆವು. ಒಳ್ಳೇ ಶಕುನ, ಸತ್ತರೆ ಇಲ್ಲಿಂದಲೇ ಮತ್ತೆ ಶುರು ಮಾಡಬಹುದು ಅಂತ ಆಟ ಸೇವ್ ಮಾಡಿದೆವು. ಹಳೇ ಸೇವ್ ಅಳಿಸಿ, ಅದರ ಮೇಲೆಯೇ. ಮುಂದೆ ವಿಲನ್ ಸೋತ, ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ರೋಜರನ ಎದೆ ಸೀಳಿಕೊಂಡು ಆ ಪ್ರಾಣಿಯ ಮರಿ ಹೊರಗೆ ಬಂತು. ಹಿಂದಕ್ಕೆ ಹೋಗಲು ದಾರಿಯಿಲ್ಲ. ಇದ್ದ ಒಂದೇ ಸೇವ್ ಮುತ್ತು ಸಿಕ್ಕಿದ ಮೇಲಿನದು. ಮಾರನೇ ದಿನ ಕ್ಲಾಸೂ ಮುಗಿಯಿತು.

ಆ ಋಣ ಹಾಗೇ ಉಳಿದಿತ್ತು.

ಮೊದಲ ಭಾಗವನ್ನು ಕಂಪನಿಯೇ 1991ರಲ್ಲಿ 256 ಬಣ್ಣಗಳಲ್ಲಿ ಹೊಸದಾಗಿ ಮಾಡಿತ್ತು. ಎರಡನೇದನ್ನು ಮಾಡಲಿಲ್ಲ. ಕೊನೆಗೆ ಅದನ್ನು ಮಾಡಿದವರು ಇನ್‌ಫೇಮಸ್ ಅಡ್ವೆಂಚರ್ಸ್ ಅನ್ನೋ ಅಭಿಮಾನಿಗಳು. 2006ರಲ್ಲಿ ಸಿಯೆರಾದ್ದೇ ಇನ್ನೊಂದು ಆಟ ಕಿಂಗ್ಸ್ ಕ್ವೆಸ್ಟ್ 3ನ್ನು ಇದೇ ರೀತಿ ಮಾಡಿದ್ದರು. ಕ್ರಿಸ್ ಜೋನ್ಸ್ ಮಾಡಿಟ್ಟಿರುವ ಅಡ್ವೆಂಚರ್ ಗೇಮ್ ಸ್ಟುಡಿಯೋ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇಟ್ಟುಕೊಂಡು, ಒಂದೊಂದು ದೃಶ್ಯವನ್ನೂ ಮೊದಲಿನಿಂದ ಬರೆದು, ಆಟ ಮುಗಿಸಿ ಸುಮ್ನೆ ಹಂಚಿಬಿಟ್ಟರು. ಹಕ್ಕು ಬೇರೆಯವರದು, ಮಾರುವ ಹಾಗಿಲ್ಲ. ಇದನ್ನು ಕೇಳಿ ನನ್ನ ಮಗ "ಹಂಗಾದ್ರೆ ಯಾಕೆ ಮಾಡಿದ್ರು?" ಅಂದ. ಅವನಿಗೆ ನಮ್ಮ ಕಡೆ ಹಬ್ಬಕ್ಕೆ ಆಡುವ ಪೌರಾಣಿಕ ನಾಟಕ ನೆನಪಿಸಿದೆ. ದುರ್ಯೋಧನನ ಪಾರ್ಟು ಬೇಕು ಅಂದವನು ತಾನೇ ಕೈಯಿಂದ ದುಡ್ಡು ಕಟ್ಟುತ್ತಾನೆ. ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡುತ್ತಾನೆ. ಬೆಳಗಿನ ಜಾವ ತೊಡೆ ಮುರಿಸಿಕೊಂಡು ಮನೆಗೆ ಬರುತ್ತಾನೆ. ಲಾಭ ಎಷ್ಟು ಅಂತ ಅವನನ್ನು ಯಾರೂ ಕೇಳಲ್ಲ.

ಅಂತೂ ಭಾನುವಾರ, ಮೂವತ್ತು ವರ್ಷದ ಮೇಲೆ, ಅದೇ ಕಾಡಿಗೆ ಬಂದೆ. ಮರಕ್ಕೆ ಬಣ್ಣ ಬಂದಿದೆ. ರೋಜರನ ತಲೆಗೂದಲು ಹೊಂಬಣ್ಣದ್ದು ಅಂತ ಗೊತ್ತಾದದ್ದೇ ಈಗ. ನಾನು ಇಷ್ಟು ವರ್ಷ ಅವನನ್ನು ನಮ್ಮ ಕಡೆಯವನು ಅಂದುಕೊಂಡಿದ್ದೆ. ಈಗ ಟೈಪ್ ಮಾಡುವ ಹಾಗೇ ಇಲ್ಲ. ಕೈಯ ಚಿತ್ರ ಹಣ್ಣಿನ ಮೇಲೆ ಒತ್ತಿದೆ, ಹಣ್ಣನ್ನು ರೋಜರನ ಮೇಲೆ ಒತ್ತಿದೆ. ಉಜ್ಜಿಕೊಂಡ. ಮುಗಿಯಿತು. ಎರಡು ಕ್ಲಿಕ್ಕು! ಖುಷಿಯಾಗಬೇಕಿತ್ತು. ಒಂಥರಾ ಮೋಸ ಹೋದ ಹಾಗಾಯಿತು. ಒಂದು ಆರೋ ಎರಡು ಆರೋ ಅಂತ ಇವರು ಕೇಳಲೇ ಇಲ್ಲವಲ್ಲ.

ಮುಂದೆ ಒಂದು ಸೀಟಿಯ ಕಥೆ ಇದೆ. ಅದನ್ನು ಊದಿದರೆ ಭಯಂಕರ ಮೃಗವೊಂದು ಓಡಿ ಬರುತ್ತದೆ. ಅದರ ಕೈಗೆ ಬಣ್ಣದ ಚೌಕಗಳ ಒಗಟಿನ ಡಬ್ಬಿ ಕೊಟ್ಟರೆ ಅದನ್ನು ತಿರುಗಿಸುತ್ತಾ ಕೂರುತ್ತದೆ, ನೀವು ಬಚಾವು. ನಾನು ಸೀಟಿ ಊದಿದೆ. ಕೀ ಅಂತ ಜೋರಾಗಿ ಕೇಳಿಸಿತು. ಆಹಾ, ಶಬ್ದ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದುಕೊಂಡೆ. ಮತ್ತೆ ಕೇಳಿಸಿತು. ಮತ್ತೆ. ನಾನು ಊದದೇ ಇದ್ದಾಗಲೂ ಕೇಳಿಸಿತು. ಆಮೇಲೆ ನಿಂತೇ ಹೋಯಿತು. ಆಮೇಲೆ ವಾಸನೆ ಬಂತು.

ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. 1982ರಿಂದ ನಮ್ಮ ಊರಿನಲ್ಲೇ ಕೂತು, ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಅತ್ತಿತ್ತ ಜಾರದ ಹಾಗೆ ನೋಡಿಕೊಳ್ಳುತ್ತಾರೆ. ಅದೇ ಊರಿನ ನನಗೆ ಹದಿನೈದು ಅಡಿ ದೂರದ ಕುಕ್ಕರ್ ನೋಡಿಕೊಳ್ಳಲು ಆಗಲಿಲ್ಲ.

ಮುಚ್ಚಳ ತೆಗೆದೆ. ತಳದಲ್ಲಿ ಬೇಳೆ ಕರಿ ರೊಟ್ಟಿಯ ಹಾಗೆ ಕೂತಿತ್ತು. ಸೌಟಿನಿಂದ ಕೆರೆಯುತ್ತಿದ್ದೆ, ಬೆಲ್ ಆಯಿತು. ಮೃಗ ಬಂತು ಅಂತ ಹೆದರಿ ಬಾಗಿಲು ತೆಗೆದರೆ ಭಾವ. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಭಾವ ವಿಮೆ ಏಜೆಂಟ್ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

"ಏನಯ್ಯಾ ಸೀದ ವಾಸನೆ? ಮನೆಗೆ ಫೈರ್ ಇನ್ಶೂರೆನ್ಸ್ ಮಾಡ್ಸಿದ್ದೀಯಾ?"

"ಕೂತ್ಕೊಳ್ಳಿ ಭಾವ, ಕಾಫಿ ತರ್ತೀನಿ."

ಕಾಫಿ ಇಟ್ಟು, ಕುಕ್ಕರಿಗೆ ನೀರು ತುಂಬಿಸಿ, ಹಿತ್ತಲಲ್ಲಿ ಅಡಗಿಸಿ ಬರುವ ಹೊತ್ತಿಗೆ ಭಾವ ನನ್ನ ಕುರ್ಚಿಯಲ್ಲಿದ್ದರು. ಮೌಸ್ ಅವರ ಕೈಲಿತ್ತು. ರೋಜರ್ ಸತ್ತು ಬಿದ್ದಿದ್ದ.

"ಸತ್ತೋದ್ನಲ್ಲೋ" ಅಂದರು, ಪಾಪ, ಗಾಬರಿಯಿಂದ.

"ಪರವಾಗಿಲ್ಲ ಭಾವ, ಹಿಂದಿಂದ ಶುರು ಮಾಡಬಹುದು."

ಮತ್ತೆ ಆಡಿದರು. ಮತ್ತೆ ಸತ್ತ. ಮರದ ಬೇರಿನಂಥದ್ದು ಹಿಡಿಯಿತು, ಹಳ್ಳಕ್ಕೆ ಬಿದ್ದ. ಭಾವ ಕಾಫಿ ಕುಡಿಯೋದನ್ನೇ ಮರೆತರು. ಏಳನೇ ಸಾವಾದ ಮೇಲೆ ಕುರ್ಚಿಗೆ ಒರಗಿ, ಇಪ್ಪತ್ತು ವರ್ಷದ ಅನುಭವದ ಧ್ವನಿಯಲ್ಲಿ, "ಇವನಿಗೆ ಯಾವ ಕಂಪನಿಯೂ ಪಾಲಿಸಿ ಕೊಡಲ್ಲ ಕಣಯ್ಯ" ಅಂದರು. ವೊಹಾಲನ ಏಜೆಂಟರ ವಿಷಯ ಹೇಳೋಣ ಅನ್ನಿಸಿತು. ಹೇಳಲಿಲ್ಲ. ಅವತ್ತು ಅವರು ಫೈಲು ತೆರೆಯಲೇ ಇಲ್ಲ, ಅದನ್ನು ಯಾಕೆ ಕೆಡಿಸಿಕೊಳ್ಳಲಿ? ಮೃಗದ ಕೈಗೆ ಒಗಟಿನ ಡಬ್ಬಿ ಸಿಕ್ಕಿತ್ತು.

ಅಷ್ಟರಲ್ಲಿ ಹೆಂಡತಿ ಬಂದಳು. ಗುಡಿಸದ ಅಂಗಳ ದಾಟಿ, ಮೂಗು ಅರಳಿಸಿ, ಸೀದಾ ಹಿತ್ತಲಿಗೆ ಹೋದಳು. ಆ ಭಾಗ ಬರೆಯೋದು ಬೇಡ. ಅಲ್ಲಿ ಹಿಂದಿಂದ ಶುರು ಮಾಡುವ ಸೌಲಭ್ಯ ಇರಲಿಲ್ಲ.

ಭಾವ ಆಟವನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಹೋದರು. ಹತ್ತು ದಿನ ಫೋನಿಲ್ಲ, ಕಂತಿನ ನೆನಪೋಲೆ ಇಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ನಡು ರಾತ್ರಿ ಅಂತ ಎದೆ ಧಸಕ್ಕಂದಿತು.

"ಮಲಗಿದ್ದೇನೋ? ನಾನು ಆ ವೊಹಾಲನ ಜಾಗಕ್ಕೆ ಬಂದೆ ಕಣೋ. ಒಂದು ಪ್ರಾಣಿ ಬಂತು ನೋಡು, ಸತ್ತೆ ಅಂದ್ಕೊಂಡೆ. ಸುಮ್ನೆ ಒಂದು ಮುತ್ತು ಕೊಟ್ಟು ಹೋಯ್ತು. ಪಾಪದ ಪ್ರಾಣಿ."

ನಾನು ಎದ್ದು ಕೂತೆ.

"ಭಾವ, ಸೇವ್ ಮಾಡಿದ್ರಾ?"

"ಮಾಡ್ದೆ ಇರ್ತೀನಾ? ಆ ಕ್ಷಣವೇ ಮಾಡ್ದೆ. ಹಳೇದರ ಮೇಲೇ. ಸುಮ್ನೆ ಹತ್ತಾರು ಇಟ್ಕೊಂಡು ಏನ್ಮಾಡೋದು?"

ಹೆಂಡತಿ ನಿದ್ದೆಗಣ್ಣಲ್ಲಿ ಯಾರ್ರೀ ಅದು ಅಂದಳು. ನಾನು ಫೋನಿಗೆ, "ಒಳ್ಳೇದಾಯ್ತು ಬಿಡಿ ಭಾವ, ಹಂಗೇ ಮುಂದುವರಿಸಿ" ಅಂದೆ.