ಕೀ ಒತ್ತಬೇಡಿ, ಸುಮ್ನೆ ನೋಡಿ

ಕಂಪ್ಯೂಟರ್ ಅಂದರೆ ಅದಕ್ಕೊಂದು ಕೀಬೋರ್ಡ್ ಇರುತ್ತದೆ, ಕೀ ಒತ್ತಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೆವು. 2018ರಲ್ಲಿ ‘ದ ಸಿ64 ಮಿನಿ’ ಬಂದು ಆ ಮೂಢನಂಬಿಕೆಯನ್ನು ಬಿಡಿಸಿತು. 1982ರ ಕಮೋಡೋರ್ 64 ಎಂಬ ಮನೆ ಕಂಪ್ಯೂಟರಿನ ಅರ್ಧ ಗಾತ್ರದ ನಕಲು ಅದು. ಅದೇ ಮಣ್ಣುಬಣ್ಣದ ಮೈ, ಅದೇ ಸಾಲು ಸಾಲು ಕೀಗಳು. ಒಂದನ್ನು ಒತ್ತಿ ನೋಡಿ. ಒಳಗೆ ಹೋಗುವುದೇ ಇಲ್ಲ. ಕೀಬೋರ್ಡ್ ಬರೀ ಅಲಂಕಾರಕ್ಕೆ! ಟೈಪ್ ಮಾಡಲೇಬೇಕು ಅನ್ನುವ ಹಟ ಇದ್ದರೆ ಯುಎಸ್‌ಬಿ ಕಿಂಡಿಗೆ ಇನ್ನೊಂದು ಕೀಬೋರ್ಡ್ ಸಿಕ್ಕಿಸಿಕೊಳ್ಳಬೇಕು, ಅಂದರೆ ಒಂದು ಕೀಬೋರ್ಡಿನ ಮುಂದೆ ಮತ್ತೊಂದು ಕೀಬೋರ್ಡ್ ಇಟ್ಟುಕೊಂಡು ಕೂರಬೇಕು. ಆಮೇಲೆ ಪೂರ್ತಿ ಗಾತ್ರದ ಮಾಡೆಲ್ ಬಂತು. ಇದರಲ್ಲಿ ಕೀಬೋರ್ಡ್ ಕೆಲಸ ಮಾಡುತ್ತದೆ ಅನ್ನುವುದೇ ಅದರ ದೊಡ್ಡ ಸುದ್ದಿ. ಜನ ಖುಷಿಯಿಂದ ಅದನ್ನೂ ಕೊಂಡರು.

ಹಳೇ ಕಂಪ್ಯೂಟರ್‌ಗಳ ಮೇಲೆ ಪ್ರೀತಿ ಇರುವುದು ತಪ್ಪಲ್ಲ. ನನಗೂ ಇದೆ. ಆದರೆ ಈ ಪ್ರೀತಿ ಎಲ್ಲಿಗೆ ಬಂದು ಮುಟ್ಟಿದೆ ಅಂದರೆ, ಆಗ ಯಾವುದನ್ನು ಶಾಪ ಹಾಕುತ್ತಾ ಸಹಿಸಿಕೊಂಡಿದ್ದೆವೋ ಅದನ್ನೇ ಈಗ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ.

ಅದೇ 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರ್ ತಗೊಳ್ಳಿ. ಬ್ರಿಟನ್ನಿನಲ್ಲಿ 48 ಕೆಬಿ ಮೆಮೊರಿಯ ಮಾಡೆಲ್‌ಗೆ 175 ಪೌಂಡ್, ಕೀಗಳೆಲ್ಲ ರಬ್ಬರ್. ಆಟ ಇರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಆಡಬೇಕಾದರೆ ಮೊದಲು ‘ಜೆ’ ಒತ್ತಬೇಕು, ‘ಲೋಡ್’ ಅಂತ ಇಡೀ ಪದ ತಾನಾಗಿ ಬರುತ್ತದೆ. ಆಮೇಲೆ ಸಿಂಬಲ್ ಶಿಫ್ಟ್ ಹಿಡಿದುಕೊಂಡು ‘ಪಿ’ಯನ್ನು ಎರಡು ಸಲ ಒತ್ತಿದರೆ ಉದ್ಧರಣ ಚಿಹ್ನೆಗಳು. ಎಂಟರ್ ಒತ್ತಿ ಕ್ಯಾಸೆಟ್ ಪ್ಲೇಯರ್ ಶುರು ಮಾಡಿದರೆ ಕಿವಿ ತೂತಾಗುವ ಕೀರಲು ಸದ್ದು, ಟಿವಿಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ, ಆಮೇಲೆ ನೀಲಿ ಮತ್ತು ಹಳದಿ ಪಟ್ಟೆ. ಹೀಗೆ ನಾಲ್ಕೈದು ನಿಮಿಷ ಉಸಿರು ಬಿಗಿ ಹಿಡಿದು ಕೂತರೆ ಕೊನೆಗೆ ಬರುತ್ತಿದ್ದದ್ದು ‘ಟೇಪ್ ಲೋಡಿಂಗ್ ಎರರ್’. ಪುಟ್ಟ ಸ್ಕ್ರೂಡ್ರೈವರ್ ತಂದು ಪ್ಲೇಯರಿನಲ್ಲಿ ಟೇಪ್ ಓದುವ ಹೆಡ್ಡನ್ನು ಒಂದು ಕೂದಲಿನಷ್ಟು ತಿರುಗಿಸಿ, ಟೇಪ್ ಹಿಂದಕ್ಕೆ ಸುತ್ತಿ, ಮತ್ತೆ ‘ಜೆ’ಯಿಂದ ಶುರು.

ಈಗ ಎಮ್ಯುಲೇಟರಿನಲ್ಲಿ, ಅಂದರೆ ಹಳೇ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರಿನಲ್ಲಿ, ಅದೇ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಬೇಗ ಲೋಡ್ ಆಗುವ ಆಯ್ಕೆ ತಾನಾಗಿ ಆನ್ ಆಗಿರುತ್ತದೆ. ಭಕ್ತರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಆ ಆಯ್ಕೆಯನ್ನು ಆಫ್ ಮಾಡುವುದು. ಪಟ್ಟೆ ಕಾಣಬೇಕಂತೆ, ಕೀರಲು ಸದ್ದು ಕೇಳಬೇಕಂತೆ, ಇಲ್ಲದಿದ್ದರೆ ಆ ‘ಫೀಲ್’ ಬರುವುದಿಲ್ಲವಂತೆ.

ಕಮೋಡೋರಿನ 1541 ಡಿಸ್ಕ್ ಡ್ರೈವಿನ ಕಥೆ ಇದಕ್ಕಿಂತ ಮಜ. ಅದು ಹೆಸರುವಾಸಿಯಾದದ್ದೇ ನಿಧಾನಕ್ಕೆ. ಅದಕ್ಕೂ ಹಿಂದಿನ ವಿಕ್-20 ಎಂಬ ಕಮೋಡೋರ್ ಕಂಪ್ಯೂಟರಿನಲ್ಲಿ ಬಳಸಿದ ಒಂದು ಚಿಪ್‌ನಲ್ಲಿ ದೋಷ ಇತ್ತು. ಅದನ್ನು ದಾಟಲು ಹಾರ್ಡ್‌ವೇರ್ ಮಾಡಬೇಕಾದ ಕೆಲಸವನ್ನು ಸಾಫ್ಟ್‌ವೇರಿನಿಂದ ಮಾಡಿಸಿ ತೇಪೆ ಹಾಕಿದರು. ಆ ತೇಪೆಯೇ 64ಕ್ಕೂ ದಾಟಿತು, ಸಾಲದ್ದಕ್ಕೆ ಅಲ್ಲಿ ವಿಡಿಯೋ ಚಿಪ್ ನಡುನಡುವೆ ಪ್ರೊಸೆಸರನ್ನು ನಿಲ್ಲಿಸುತ್ತಿದ್ದರಿಂದ ಇನ್ನೂ ನಿಧಾನ ಮಾಡಬೇಕಾಯಿತು. ಸೆಕೆಂಡಿಗೆ ಕೆಲವು ನೂರು ಬೈಟ್. ಜನ ತಾಳಲಾರದೆ ವೇಗ ಹೆಚ್ಚಿಸುವ ಕಾರ್ಟ್ರಿಜ್‌ಗಳನ್ನು ಬೇರೆಯಾಗಿ ಕೊಂಡು ತಂದು ಸಿಕ್ಕಿಸುತ್ತಿದ್ದರು. ಇವತ್ತಿನ ಎಮ್ಯುಲೇಟರ್ ಬರೆಯುವ ಜಾಣರು ಏನು ಮಾಡಿದ್ದಾರೆ ಅಂದರೆ, ಆ ಡ್ರೈವಿನೊಳಗಿದ್ದ ಪ್ರೊಸೆಸರ್, ಅದರ 2 ಕೆಬಿ ಮೆಮೊರಿ ಎಲ್ಲವನ್ನೂ ಮತ್ತೆ ಅಣುಅಣುವಾಗಿ ಕಟ್ಟಿ, ಆ ತೇಪೆ ಎಷ್ಟು ನಿಧಾನವೋ ಅಷ್ಟೇ ನಿಧಾನ ಬರುವ ಹಾಗೆ ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಆ ಟೈಮಿಂಗ್ ಇಲ್ಲದಿದ್ದರೆ ಕೆಲವು ಆಟಗಳು ನಡೆಯುವುದೇ ಇಲ್ಲ, ಅದು ಬೇರೆ ಮಾತು. ಆದರೆ ಅಂದಿನ ಎಂಜಿನಿಯರುಗಳು ನಾಚಿಕೊಂಡಿದ್ದ ಕೆಲಸವನ್ನು ಇಂದಿನ ಎಂಜಿನಿಯರುಗಳು ಹೆಮ್ಮೆಯಿಂದ ಮಾಡುತ್ತಿರುವುದು ಮಾತ್ರ ನೋಡುವಂಥದ್ದೇ.

ಹೀಗೆ ನಿಧಾನವನ್ನು ಪೂಜಿಸುವ ಮಂದಿಯೇ ಇನ್ನೊಂದು ಕಡೆ ತಡ ಆಯಿತು ಅಂತ ಜಗಳಕ್ಕೆ ನಿಲ್ಲುತ್ತಾರೆ. ಜಾಯ್‌ಸ್ಟಿಕ್ ಅಲ್ಲಾಡಿಸಿದ ಮೇಲೆ ಪರದೆಯಲ್ಲಿ ಬೊಂಬೆ ಒಂದು ಫ್ರೇಮ್ ತಡವಾಗಿ ಹಾರುತ್ತದಂತೆ. ಒಂದು ಫ್ರೇಮ್ ಅಂದರೆ 50 ಹರ್ಟ್ಸ್ ಟಿವಿಯಲ್ಲಿ 20 ಮಿಲಿಸೆಕೆಂಡ್. ಆದ್ದರಿಂದ ಎಮ್ಯುಲೇಟರ್ ಎಲ್ಲ ಸುಳ್ಳು, ಎಫ್‌ಪಿಜಿಎ ಚಿಪ್ (ಹಳೇ ಯಂತ್ರದ ಸರ್ಕ್ಯೂಟನ್ನೇ ತನ್ನೊಳಗೆ ಕಟ್ಟಿಕೊಳ್ಳಬಲ್ಲ ಚಿಪ್) ಹಾಕಿದ್ದೇ ನಿಜವಾದ ಯಂತ್ರ ಅಂತ ಒಬ್ಬರು. ಹಳೇ ಯಂತ್ರವನ್ನೇ ಬಿಚ್ಚಿ ಕೆಪಾಸಿಟರ್ ಬದಲಿಸಿಕೊಂಡರೆ ಮಾತ್ರ ನಿಜ ಅಂತ ಇನ್ನೊಬ್ಬರು. ಐದು ನಿಮಿಷ ಕೀರಲು ಸದ್ದು ಕೇಳಲು ತಯಾರಿರುವವರಿಗೆ 20 ಮಿಲಿಸೆಕೆಂಡ್ ಕಾಯಲು ಆಗುವುದಿಲ್ಲ.

ಟಿವಿ ವಿಷಯಕ್ಕೆ ಬಂದರೆ ಇನ್ನೂ ಚೆಂದ. ಸ್ಪೆಕ್ಟ್ರಮ್ಮಿನ ಪರದೆ 256ಕ್ಕೆ 192, ಒಟ್ಟು 49,152 ಚುಕ್ಕಿ. ಈಗಿನ 4ಕೆ ಟಿವಿಯಲ್ಲಿ 82,94,400 ಚುಕ್ಕಿ. ದೊಡ್ಡ ಟಿವಿ ಕೊಂಡು, ಅದಕ್ಕೆ ಈ ಯಂತ್ರ ಸಿಕ್ಕಿಸಿ, ಚಿತ್ರ ಇಷ್ಟು ಸ್ಪಷ್ಟವಾಗಿ ಕಂಡರೆ ಹೇಗೆ ಅಂತ ಬೇಜಾರು ಮಾಡಿಕೊಂಡು, ಹಳೇ ಟಿವಿಯ ಹಾಗೆ ಕಪ್ಪು ಗೆರೆ ಎಳೆಯುವ ಫಿಲ್ಟರ್ ಹಾಕುತ್ತಾರೆ. ಮೈಬಣ್ಣದ ಕಥೆ ಮಾತ್ರ ಇದಕ್ಕೆ ತಿರುಗುಮುರುಗು. ಹಳೇ ಪ್ಲಾಸ್ಟಿಕ್ ಹಳದಿಯಾದರೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುತ್ತಾರೆ. ಚಿತ್ರ ಹಳೇದಾಗಿರಬೇಕು, ಡಬ್ಬ ಹೊಸದಾಗಿರಬೇಕು.

2017ರಲ್ಲಿ ಸ್ಪೆಕ್ಟ್ರಮ್ಮಿನ ಹೊಸ ಅವತಾರ ‘ಸ್ಪೆಕ್ಟ್ರಮ್ ನೆಕ್ಸ್ಟ್’ ಮಾಡಲು ಕಿಕ್‌ಸ್ಟಾರ್ಟರ್ ಎಂಬ ಹಣ ಕೂಡಿಸುವ ವೆಬ್‌ಸೈಟಿನಲ್ಲಿ ಜನ ಮುಂಗಡ ಕೊಟ್ಟರು. 2018ರ ಹೊತ್ತಿಗೆ ಸಿಗಬೇಕಿದ್ದದ್ದು 2020ರಲ್ಲಿ ಕೈಗೆ ಬಂತು. ಕೆಲವರು ಗೊಣಗಿದರು. ಅದು ತಪ್ಪು. 1982ರಲ್ಲಿ ಮೂಲ ಸ್ಪೆಕ್ಟ್ರಮ್ ಮಾಡಿದ ಸಿಂಕ್ಲೇರ್ ಕಂಪನಿಯವರು 28 ದಿನದಲ್ಲಿ ಕಳಿಸುತ್ತೇವೆ ಅಂತ ಹೇಳಿ ತಿಂಗಳುಗಟ್ಟಲೆ ಕಾಯಿಸಿದ್ದರು. ಅಸಲಿ ಯಂತ್ರಕ್ಕೆ ಇಷ್ಟು ನಿಷ್ಠವಾದ ನಕಲು ಬೇರೆ ಇಲ್ಲ.

ಮುಂದಿನ ಮಾಡೆಲ್‌ಗೆ ನನ್ನದೂ ಒಂದು ಸಲಹೆ ಇದೆ. ಸ್ಪೆಕ್ಟ್ರಮ್ಮಿಗಿಂತ ಮೊದಲು ಸಿಂಕ್ಲೇರ್ ಮಾಡಿದ ಝಡ್‌ಎಕ್ಸ್81 ಕಂಪ್ಯೂಟರಿಗೆ ಇದ್ದದ್ದು ಬರೀ 1 ಕೆಬಿ ಮೆಮೊರಿ. ಹೆಚ್ಚು ಬೇಕಾದವರು ಹಿಂದೆ 16 ಕೆಬಿ ಡಬ್ಬಿ ಸಿಕ್ಕಿಸುತ್ತಿದ್ದರು. ಮೇಜು ಸ್ವಲ್ಪ ಅಲುಗಿದರೂ ಡಬ್ಬಿ ಸಡಿಲವಾಗಿ, ಅಷ್ಟು ಹೊತ್ತು ಕುಟ್ಟಿದ ಪ್ರೋಗ್ರಾಂ ಪೂರ್ತಿ ಮಾಯ. ಇದನ್ನು ‘ಅಲುಗಾಟ ಮೋಡ್’ ಅಂತ ಹೊಸ ಯಂತ್ರದಲ್ಲಿ ಕೊಡಬಹುದು. ಎರಡು ಗಂಟೆ ಟೈಪ್ ಮಾಡಿದ ಮೇಲೆ ತಾನಾಗಿಯೇ ಎಲ್ಲವನ್ನೂ ಅಳಿಸಿಬಿಡಬೇಕು. ಇನ್ನೂ ಸ್ವಲ್ಪ ದುಡ್ಡು ಕೊಟ್ಟರೆ, ಆಟ ಲೋಡ್ ಆಗುತ್ತಿರುವಾಗಲೇ ಮನೆಯ ಹಿರಿಯರೊಬ್ಬರ ದನಿ ಬಂದು “ಸಾಕು, ನ್ಯೂಸ್ ಹಾಕು” ಅಂತ ಟಿವಿ ಚಾನೆಲ್ ಬದಲಿಸಬೇಕು.

ನನ್ನ ನಿಜವಾದ ತಕರಾರು ಮಾತ್ರ ಬೇರೆ. ಆ ಯಂತ್ರಗಳನ್ನು ಆನ್ ಮಾಡಿದರೆ ಮೆನು ಇರುತ್ತಿರಲಿಲ್ಲ, ಆಟದ ಪಟ್ಟಿಯೂ ಇರುತ್ತಿರಲಿಲ್ಲ. ಕಮೋಡೋರ್ 64 ಆದರೆ 38,911 ಬೈಟ್ ಖಾಲಿ ಇದೆ ಅಂತ ಲೆಕ್ಕ ಒಪ್ಪಿಸಿ, ‘ರೆಡಿ’ ಅಂದು, ಕರ್ಸರ್ ಮಿಣುಕಿಸುತ್ತಾ ಸುಮ್ಮನಾಗುತ್ತಿತ್ತು. ಏನಾದರೂ ಹೇಳು, ಮಾಡುತ್ತೇನೆ ಅನ್ನುವ ಹಾಗೆ. ಬೇರೇನೂ ಮಾಡಲು ತೋಚದೆ ಎಷ್ಟೋ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿತರು. ಮಿನಿ ಆನ್ ಮಾಡಿದರೆ ಬಣ್ಣಬಣ್ಣದ ಆಟಗಳ ಮೆರವಣಿಗೆ. ಪ್ರೋಗ್ರಾಂ ಬರೆಯುವ ಭಾಷೆ ಬೇಸಿಕ್ ಅದರಲ್ಲೂ ಇದೆ, ಆದರೆ ಆಟಗಳ ಜೊತೆ ಅದೂ ಒಂದು ಅನ್ನುವ ಹಾಗೆ. ಜೊತೆಗೆ ಕೊಟ್ಟ ಕೀಬೋರ್ಡಂತೂ ಒತ್ತಲಿಕ್ಕೆ ಬರುವುದಿಲ್ಲ, ಗೊತ್ತಲ್ಲ.

ಹುಡುಕಿಕೊಂಡು ಬೇಸಿಕ್‌ಗೆ ಹೋಗುವವರೂ ಇದ್ದಾರೆ. 10ನೇ ಸಾಲಿನಲ್ಲಿ ತಮ್ಮ ಹೆಸರು ಪ್ರಿಂಟ್ ಮಾಡು ಅನ್ನುತ್ತಾರೆ, 20ನೇ ಸಾಲಿನಲ್ಲಿ ಮತ್ತೆ 10ಕ್ಕೆ ಹೋಗು ಅನ್ನುತ್ತಾರೆ, ಪರದೆ ತುಂಬಾ ಹೆಸರು ಓಡುತ್ತದೆ, ಫೋಟೋ ತೆಗೆದು ಹಾಕುತ್ತಾರೆ. ಆ ಒಂದು ಫೋಟೋ ಹಿಡಿಸಲು ಹತ್ತಾರು ಕಮೋಡೋರ್ 64ಗಳ ಮೆಮೊರಿ ಬೇಕು. ಲೈಕ್ ಬಂದ ಮೇಲೆ ಯಂತ್ರ ಶೋಕೇಸಿಗೆ.

ಇನ್ನು ಕೆಲವರು ಡಬ್ಬವನ್ನೇ ತೆರೆಯುವುದಿಲ್ಲ. ಸೀಲ್ ಒಡೆಯದ ಪೀಸಿಗೆ ಮುಂದೆ ರೇಟು ಜಾಸ್ತಿ ಬರುತ್ತದಂತೆ. ಇಂಥ ಗಿರಾಕಿಗಳಿಗೆ ಡಬ್ಬದೊಳಗೆ ಕಂಪ್ಯೂಟರ್ ಇಡುವ ಖರ್ಚಾದರೂ ಯಾಕೆ ಅನ್ನುವುದು ಕಂಪನಿಗಳಿಗೆ ಇನ್ನೂ ಹೊಳೆದ ಹಾಗಿಲ್ಲ.